ಬಂಧಾರ ಮುಳುಗಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ

ಬೈಕಿನಲ್ಲಿ ದೂರದ ಪ್ರವಾಸ ಹೊರಡುವ ತರುಣರು ಈಗ ದಾರಿ ಕೇಳುವುದು ಕೃತಕ ಬುದ್ಧಿಮತ್ತೆಯನ್ನು. ‘ಬೆಂಗಳೂರಿನಿಂದ ಕೊಲ್ಹಾಪುರ, ಅಲ್ಲಿಂದ ಗಡಹಿಂಗ್ಲಜ, ಆಜರಾ, ಆಂಬೋಲಿ ಘಾಟಿ ಇಳಿದು ಗೋವಾ, ಜುಲೈ ತಿಂಗಳು, ನಾಲ್ಕು ದಿನ, ಒಂದು ಬೈಕ್, ಇಬ್ಬರು’ ಎಂದು ಮೊಬೈಲಿನಲ್ಲಿ ಬರೆದರೆ ಅರ್ಧ ನಿಮಿಷದಲ್ಲಿ ಉತ್ತರ ಸಿದ್ಧವಾಗಿ ಬರುತ್ತದೆ. ಯಾವ ದಿನ ಎಷ್ಟು ಕಿಲೋಮೀಟರ್, ಎಲ್ಲಿ ನಾಷ್ಟಾ, ಎಲ್ಲಿ ವಸ್ತಿ, ಎಲ್ಲಿ ಪೆಟ್ರೋಲ್, ಯಾವ ತಿರುವಿನಲ್ಲಿ ಫೋಟೊ, ಎಲ್ಲವೂ ಅದರಲ್ಲಿ ಇರುತ್ತದೆ. ಇದರಿಂದ ಒಂದು ನಂಬಿಕೆ ಬೇರೂರಿದೆ. ಪ್ರವಾಸದ ಯೋಜನೆ ಎಂದರೆ ಮಾಹಿತಿ ಕಲೆಹಾಕುವ ಕೆಲಸ, ಮಾಹಿತಿ ಯಂತ್ರದ ಹತ್ತಿರ ನಮಗಿಂತ ಹೆಚ್ಚಿದೆ, ಹಾಗಾಗಿ ಆ ಕೆಲಸವನ್ನು ಅದಕ್ಕೇ ಬಿಡುವುದು ಜಾಣತನ, ಅಲ್ಲೊಂದು ಇಲ್ಲೊಂದು ತಪ್ಪು ಬಂದರೂ ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ ಎನ್ನುವ ನಂಬಿಕೆ ಅದು. ಅದು ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಯಂತ್ರ ತಪ್ಪು ಹೇಳುತ್ತದೆ ಎಂಬುದಷ್ಟೇ ನನ್ನ ದೂರಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ; ತಪ್ಪು ಮನುಷ್ಯರೂ ಹೇಳುತ್ತಾರೆ, ನಕ್ಷೆಗಳಲ್ಲೂ ಇರುತ್ತದೆ. ತನ್ನ ತಿಳಿವಳಿಕೆ ಎಲ್ಲಿಗೆ ಮುಗಿಯಿತು ಎಂಬುದನ್ನು ಈ ಯಂತ್ರ ತೋರಿಸಿಕೊಡುವುದಿಲ್ಲ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಂಥ ಗಡಿಸೀಮೆಯಲ್ಲಿ ಸವಾರನ ಜೀವ ನಿಂತಿರುವುದು ಬರಹಕ್ಕೆ ಬಾರದ ತಿಳಿವಳಿಕೆಯ ಮೇಲೆ. ಈ ಎರಡು ಸಂಗತಿಗಳು ಒಂದೆಡೆ ಸೇರಿದಾಗ ಆಗುವ ಅಪಾಯವನ್ನು ನಾವು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ.

ಈ ಸೀಮೆಯ ದಾರಿ ಅರ್ಥವಾಗಬೇಕಾದರೆ ಮೊದಲು ಬಂಧಾರ ಅರ್ಥವಾಗಬೇಕು. ಆಂಬೋಲಿಯ ಹತ್ತಿರ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಈ ಹೊಳೆಗೆ ಅಲ್ಲಲ್ಲಿ ಅಡ್ಡ ಕಟ್ಟಿರುವವು ಕೊಲ್ಹಾಪುರ ಮಾದರಿಯ ಬಂಧಾರಗಳು. ಕೊಲ್ಹಾಪುರದ ನೆಲದಲ್ಲಿ ಹುಟ್ಟಿ, ಆ ಹೆಸರಿನಿಂದಲೇ ಮಹಾರಾಷ್ಟ್ರ ಮತ್ತು ಕರ್ನಾಟಕದ ತುಂಬ ಹಬ್ಬಿದ ಕಟ್ಟಡ ಇದು. ಹೊಳೆಯ ಪಾತ್ರದಲ್ಲಿ ಸಾಲಾಗಿ ಕಂಬಗಳು. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವಿನ ಸಂದಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಕಬ್ಬಿಗೆ ಆ ನೀರೇ ಆಧಾರ. ಮುಂಗಾರು ಬರುವ ಮುಂಚೆ ಹಲಗೆ ತೆಗೆದುಬಿಡುತ್ತಾರೆ. ಕಂಬಗಳ ತಲೆಯ ಮೇಲೆ ಹಾಸಿದ ಚಪ್ಪಡಿಯೇ ಈಚೆ ದಡದ ಊರಿನಿಂದ ಆಚೆ ದಡದ ಊರಿಗೆ ರಸ್ತೆ. ಅದು ನೀರಿನ ಮಟ್ಟದಿಂದ ಹೆಚ್ಚು ಎತ್ತರದಲ್ಲಿಲ್ಲ, ಒಂದು ಟ್ರ್ಯಾಕ್ಟರ್ ಹೋದರೆ ಎದುರಿನವರು ಕಾಯಬೇಕು, ಎಷ್ಟೋ ಕಡೆ ಅಂಚಿಗೆ ಗೋಡೆಯೂ ಇಲ್ಲ. ಹೊಳೆ ತುಂಬಿದಾಗ ನೀರು ಮೇಲೆಯೇ ಹರಿದುಹೋಗುತ್ತದೆ. ನಿಲಜಿ, ಐನಾಪುರ, ನಾಂಗನೂರ ಬಂಧಾರಗಳು ನೀರಿನಡಿ ಹೋದವು ಎಂಬ ಸುದ್ದಿ ಗಡಹಿಂಗ್ಲಜದವರಿಗೆ ಪ್ರತಿ ಮಳೆಗಾಲದ್ದು. ಉತ್ತರಕ್ಕೆ ಪಂಚಗಂಗೆಯ ಮೇಲೆ ರಾಜಾರಾಮ, ಸುರ್ವೆ, ರುಯಿ, ಇಚಲಕರಂಜಿ, ತೇರವಾಡ, ಶಿರೋಳ ಬಂಧಾರಗಳದ್ದೂ ಇದೇ ಕಥೆ. ಕರ್ನಾಟಕದ ಕಡೆ ಬಂದರೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಕಲ್ಲೋಳ–ಯಡೂರ ಸೇತುವೆಗಳ ಹೆಸರನ್ನು ನಿಪ್ಪಾಣಿ, ಚಿಕ್ಕೋಡಿಯ ಜನ ಜುಲೈ–ಆಗಸ್ಟಿನಲ್ಲಿ ದಿನವೂ ಕೇಳುತ್ತಾರೆ. ಅಂದರೆ ಇಲ್ಲಿನ ರಸ್ತೆಗಳಲ್ಲಿ ಒಂದು ಪಾಲು ವರ್ಷದ ಕೆಲವು ದಿನ ಇರುವುದೇ ಇಲ್ಲ. ನಕ್ಷೆಯ ಗೆರೆ ಮಾತ್ರ ಹನ್ನೆರಡೂ ತಿಂಗಳು ಹಾಗೆಯೇ ಇರುತ್ತದೆ.

ಇನ್ನೊಂದು ತೊಡಕನ್ನು ಬಯಲುಸೀಮೆಯಿಂದ ಬರುವ ಸವಾರ ಊಹಿಸಲಾರ. ಬಂಧಾರ ಮುಳುಗಬೇಕಾದರೆ ಬಂಧಾರದ ಮೇಲೆ ಮಳೆಯಾಗಬೇಕಿಲ್ಲ. ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಗಡಹಿಂಗ್ಲಜದ ಪೂರ್ವಕ್ಕಿರುವ ಹಲಕರ್ಣಿ, ಬಸರ್ಗೆ ಕಡೆ ಅದರ ಸಣ್ಣದೊಂದು ಪಾಲು ಬಿದ್ದರೆ ಹೆಚ್ಚು. ಮೇಲೆ ಸಹ್ಯಾದ್ರಿಯಲ್ಲಿ ಸುರಿದದ್ದು, ಚಿತ್ರಿ ಜಲಾಶಯದಿಂದ ಬಿಟ್ಟದ್ದು ಗಂಟೆಗಳ ಮೇಲೆ ಕೆಳಗೆ ಬರುತ್ತದೆ. ನೆತ್ತಿಯ ಮೇಲೆ ಬಿಸಿಲು, ಮೊಬೈಲಿನ ಹವಾಮಾನದ ಪುಟದಲ್ಲಿ ‘ತುಂತುರು’, ಮುಂದೆ ಹೊಳೆ ಚಪ್ಪಡಿಯ ಮೇಲೆ. ರಾಧಾನಗರಿ ಜಲಾಶಯದ ಏಳು ಸ್ವಯಂಚಾಲಿತ ಬಾಗಿಲುಗಳು ಕೆರೆ ತುಂಬಿದಾಗ ತಾವೇ ತೆರೆದುಕೊಳ್ಳುತ್ತವೆ. ಎಷ್ಟು ಬಾಗಿಲು ತೆರೆದವು ಎಂದು ಕೇಳಿಯೇ ಕೊಲ್ಹಾಪುರದವರು ಪಂಚಗಂಗೆಯ ನಾಳೆಯನ್ನು ಲೆಕ್ಕಹಾಕುತ್ತಾರೆ. ರಾಜಾರಾಮ ಬಂಧಾರದಲ್ಲಿ ನೀರು 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ ಎಂಬ ಲೆಕ್ಕ ಅಲ್ಲಿ ಬೀದಿಯ ಮಾತು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಅದು 55 ಅಡಿ ದಾಟಿತು. ಆಗ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯೇ ಶಿರೋಲಿಯ ಹತ್ತಿರ ದಿನಗಟ್ಟಲೆ ಬಂದ್ ಆಯಿತು. 2021ರಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯೂ ಅದೇ ಹೆದ್ದಾರಿಯ ಮೇಲೆ ಬಂತು. ನಾಲ್ಕು ಪಥದ ಹೆದ್ದಾರಿಯ ಪಾಡೇ ಇದಾದರೆ ಒಳದಾರಿಗಳ ಪಾಡೇನು?

ಈ ಸೀಮೆಯ ಬಗ್ಗೆ ಯಂತ್ರಕ್ಕೆ ಏನು ಗೊತ್ತಿರಲು ಸಾಧ್ಯ ಎಂದು ಈಗ ನೋಡೋಣ. ಚಾಟ್‌ಜಿಪಿಟಿ, ಜೆಮಿನಿಯಂಥ ಭಾಷಾಯಂತ್ರಗಳು ಕಲಿತದ್ದು ಬರೆದಿಟ್ಟ ಪಠ್ಯದಿಂದ. ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಅವು ವಾಕ್ಯ ಕಟ್ಟುತ್ತವೆ. ಹೆಚ್ಚು ಬರಹವಿರುವ ಕಡೆ ಈ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ. ಗೋವಾದ ಕಡಲತೀರದ ಬಗ್ಗೆ ಕೇಳಿದರೆ ಒಳ್ಳೆಯ ಉತ್ತರವೇ ಸಿಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆ 70 ಲಕ್ಷ ದಾಟಿದೆ, ಕನ್ನಡದಲ್ಲಿ ಮೂವತ್ತು ಸಾವಿರದ ಆಸುಪಾಸು. ಅದರೊಳಗೆ ಗಡಿಯಾಚೆಯ ಒಂದು ತಾಲ್ಲೂಕಿನ ಹಳ್ಳಿದಾರಿಗೆ ಸಿಗುವ ಪಾಲು ಎಷ್ಟು? ಮರಾಠಿ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಒಂದಿಷ್ಟು ಬರುತ್ತದೆ, ಅದೂ ಬೆಳಗಿನ ಸುದ್ದಿಯಾಗಿ ಬಂದು ಸಂಜೆಗೆ ಹಳತಾಗುತ್ತದೆ. ಬರಹವಿಲ್ಲದ ಕಡೆ ಯಂತ್ರ ಸುಮ್ಮನಿರಬೇಕಾಗಿತ್ತು. ಆದರೆ ಸುಮ್ಮನಿರುವುದು ಅದರ ಸ್ವಭಾವದಲ್ಲಿಲ್ಲ, ಹತ್ತಿರದ ಹೋಲಿಕೆಯಿಂದ ಖಾಲಿ ಜಾಗ ತುಂಬಿಬಿಡುತ್ತದೆ. ಗಡಹಿಂಗ್ಲಜ ತಾಲ್ಲೂಕೊಂದರಲ್ಲೇ ಎರಡು ಹೆಬ್ಬಾಳಗಳಿವೆ: ಜಲದ್ಯಾಳದ ಜೊತೆಗೆ ಹೇಳುವುದೊಂದು, ಕಸಬಾ ನೂಲಿನ ಜೊತೆಗೆ ಹೇಳುವುದೊಂದು. ಹಸೂರಿಗೂ ಹಾಗೆಯೇ ಹಸೂರ ಚಂಪೂ, ಹಸೂರ ಸಾಸಗಿರಿ ಎಂಬ ಜೋಡಿ. ಹೆದ್ದಾರಿಯ ಮೇಲೆ ಕೊಲ್ಹಾಪುರದ ಪಕ್ಕ ಒಂದು ಶಿರೋಲಿ, ಖಾನಾಪುರದ ಕಾಡಿನಲ್ಲಿ ಇನ್ನೊಂದು. ಊರಿನವರು ‘ಯಾವ ಹೆಬ್ಬಾಳರೀ?’ ಎಂದು ತಿರುಗಿ ಕೇಳುತ್ತಾರೆ. ಆ ಮರುಪ್ರಶ್ನೆಯೇ ಅರ್ಧ ದಾರಿ ತೋರಿಸುತ್ತದೆ. ಯಂತ್ರ ತಿರುಗಿ ಕೇಳದೆ ಒಂದನ್ನು ಆರಿಸಿಕೊಂಡು ಮುಂದುವರಿಯುವ ಸಂಭವವೇ ಹೆಚ್ಚು.

‘ಅದು ಹಳೆಯ ಮಾತು, ಈಗಿನ ಯಂತ್ರಗಳು ಅಂದಂದಿನ ಸುದ್ದಿಯನ್ನು ಅಂತರ್ಜಾಲದಲ್ಲಿ ಹುಡುಕಿ ಹೇಳುತ್ತವೆ’ ಎಂಬ ಆಕ್ಷೇಪ ಇಲ್ಲೇ ಬರುತ್ತದೆ. ಹುಡುಕುತ್ತವೆ ನಿಜ. ಆದರೆ ಹುಡುಕಿದರೆ ಸಿಗುವಂತೆ ಯಾರಾದರೂ ಬರೆದು ಹಾಕಿರಬೇಕಲ್ಲ? ನಿಲಜಿ ಬಂಧಾರದ ಮೇಲೆ ರಾತ್ರಿ ಎರಡು ಗಂಟೆಗೆ ನೀರು ಬಂದರೆ ಮೊದಲು ತಿಳಿಯುವುದು ಹಾಲಿನ ಗಾಡಿಯವನಿಗೆ, ಆಮೇಲೆ ಊರಿನ ಪೊಲೀಸ್ ಪಾಟೀಲರಿಗೆ, ಆಮೇಲೆ ಊರವರ ವಾಟ್ಸ್ಆ್ಯಪ್ ಗುಂಪಿಗೆ. ಈ ಮೂರೂ ಕಡೆ ಯಂತ್ರಕ್ಕೆ ಕಣ್ಣಿಲ್ಲ. ಪತ್ರಿಕೆಗೆ ಬರುವ ಹೊತ್ತಿಗೆ ನೀರು ಇಳಿದಿರಲೂಬಹುದು, ಏರಿರಲೂಬಹುದು. ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಬಂಧಾರ ಮುಳುಗಿದ ಸುದ್ದಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಶಬ್ದಗಳಲ್ಲಿ, ಅದೇ ಊರಿನ ಹೆಸರುಗಳೊಂದಿಗೆ ಅಚ್ಚಾಗುತ್ತದೆ. ಹುಡುಕಿದಾಗ ಸಿಕ್ಕಿದ್ದು ಈ ಜುಲೈಯದೋ ಹೋದ ಜುಲೈಯದೋ ಎಂದು ಬೇರ್ಪಡಿಸದೆ ಸಾರಾಂಶ ಮಾಡಿದರೆ ತೆರೆದ ದಾರಿ ಮುಚ್ಚಿದೆ ಎನ್ನಬಹುದು, ಮುಚ್ಚಿದ ದಾರಿ ತೆರೆದಿದೆ ಎನ್ನಬಹುದು. ಘಾಟಿಗಳ ಸಂಗತಿಯೂ ಇದೇ. ಗಗನಬಾವಡಾದಿಂದ ಕೊಂಕಣಕ್ಕೆ ಇಳಿಯುವ ಕರೂಳ ಘಾಟಿಯನ್ನು ರಸ್ತೆ ಕಾಮಗಾರಿಗಾಗಿ 2024ರ ಜನವರಿಯಲ್ಲಿ ಮುಚ್ಚಿದರು. ಒಂದು ವರ್ಷಕ್ಕೂ ಮೇಲ್ಪಟ್ಟು ಅದು ಬಂದ್ ಇತ್ತು. ಅದಕ್ಕಿಂತ ಮೊದಲು ಬರೆದ ಪ್ರವಾಸಕಥನಗಳು ಎಷ್ಟಿವೆಯೋ ಅಷ್ಟೂ ಆ ಘಾಟಿಯನ್ನು ಹೊಗಳುತ್ತವೆ. ಹೊಗಳಿಕೆಯ ನೂರು ಪುಟದ ಎದುರು ಬಂದ್ ಎಂಬ ಒಂದು ಆದೇಶ, ಶಬ್ದಗಳ ಲೆಕ್ಕದಲ್ಲಿ ಬಹಳ ಹಗುರ.

ಯಂತ್ರವನ್ನು ನಂಬಿ ಆದ ಅನಾಹುತಗಳು ಊಹೆಯಲ್ಲ. ಪೆರು ದೇಶದ ಪರ್ವತಗಳಲ್ಲಿ ‘ಹುಮಾಂಟಾಯ್‌ನ ಪವಿತ್ರ ಕಣಿವೆ’ ಎಂಬ ಜಾಗಕ್ಕೆ ಇಬ್ಬರು ಪ್ರವಾಸಿಗಳು ತಾವೇ ಹೊರಟಿದ್ದರು, ಅಂಥ ಜಾಗ ಲೋಕದಲ್ಲೇ ಇರಲಿಲ್ಲ, ಅಲ್ಲಿನ ಒಬ್ಬ ಮಾರ್ಗದರ್ಶಿ ಅವರ ಮಾತು ಕಿವಿಗೆ ಬಿದ್ದು ತಡೆದ ಎಂದು ಬಿಬಿಸಿ 2025ರಲ್ಲಿ ವರದಿ ಮಾಡಿತು. ನಮ್ಮಲ್ಲಿ ಇಂಥ ಅನುಭವ ಮೊದಲು ಬಂದದ್ದು ನಕ್ಷೆಯ ಆ್ಯಪ್‌ಗಳಿಂದ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆಂದು ನಸುಕಿನಲ್ಲಿ ಹೊರಟ ಇಬ್ಬರು ತರುಣರು ಗೂಗಲ್ ಮ್ಯಾಪ್ ತೋರಿಸಿದ ದಾರಿಯಲ್ಲಿ ತಡೆಗೋಡೆಯಿಲ್ಲದ ಸೇತುವೆಗೆ ಕಾರು ಇಳಿಸಿದರು. ಸೇತುವೆಯ ಮೇಲೆ ಹೊಳೆ ಹರಿಯುತ್ತಿತ್ತು. ಕಾರು ಕೊಚ್ಚಿಹೋಗಿ ಮರಕ್ಕೆ ಸಿಕ್ಕಿಕೊಂಡಿದ್ದರಿಂದ ಇಬ್ಬರೂ ಬದುಕಿದರು. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ರಾಮಗಂಗಾ ನದಿಯ ಮೇಲೆ ಅರ್ಧಕ್ಕೇ ಮುಗಿದಿದ್ದ ಸೇತುವೆಯಿಂದ ಕಾರು ಉರುಳಿ ಮೂವರು ಸತ್ತರು. ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ಖಾನಾಪುರ ತಾಲ್ಲೂಕಿನ ಹೆಮ್ಮಡಗಾ ಕಡೆಯ ದಟ್ಟ ಕಾಡಿನೊಳಗೆ ರಾತ್ರಿಯಿಡೀ ಸಿಕ್ಕಿಕೊಂಡು, ನೆಟ್‌ವರ್ಕ್ ಹುಡುಕುತ್ತ ನಡೆದು 112ಕ್ಕೆ ಕರೆಮಾಡಿ ಪಾರಾಯಿತು. ಗಡಹಿಂಗ್ಲಜದಿಂದ ಗೋವಾಕ್ಕೆ ದಾರಿ ಹುಡುಕುವವರಿಗೆ ಇದು ದೂರದ ಸುದ್ದಿಯಲ್ಲ, ಪಕ್ಕದ ಕಾಡಿನದು.

ಇವು ನಕ್ಷೆಯ ತಪ್ಪುಗಳು, ಕೃತಕ ಬುದ್ಧಿಮತ್ತೆಯ ತಲೆಗೆ ಇವನ್ನು ಕಟ್ಟುವುದು ಅನ್ಯಾಯ ಎಂದು ವಾದಿಸಬಹುದು. ಎರಡರ ನಡುವೆ ವ್ಯತ್ಯಾಸವಿದೆ ಎಂಬುದನ್ನು ಒಪ್ಪುತ್ತೇನೆ. ಆ ವ್ಯತ್ಯಾಸ ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನಕ್ಷೆಯ ಆ್ಯಪ್‌ನಲ್ಲಿ ಗೆರೆ ಎಳೆಯಬೇಕಾದರೆ ಕನಿಷ್ಠ ನೆಲದ ಮೇಲೆ ಒಂದು ದಾರಿ ಎಂದೋ ಇದ್ದಿರಬೇಕು. ಭಾಷಾಯಂತ್ರಕ್ಕೆ ಆ ಕಟ್ಟುಪಾಡೂ ಇಲ್ಲ, ವಾಕ್ಯ ಸರಿಯಾಗಿ ಕೂತರೆ ಆಯಿತು. ಹಳೆಯ ಕಾಗದದ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆಯಲ್ಲಿ ಡಾಂಬರು ರಸ್ತೆಗೆ ಒಂದು ಗುರುತು, ಮಣ್ಣು ರಸ್ತೆಗೆ ಇನ್ನೊಂದು, ಬಂಡಿದಾರಿಗೆ ಮತ್ತೊಂದು, ಕಾಲುದಾರಿಗೆ ಮಗುದೊಂದು. ಅಂಚಿನಲ್ಲಿ ಸರ್ವೆ ನಡೆದ ವರ್ಷ ಅಚ್ಚಾಗಿರುತ್ತದೆ. ಹಾಳೆ ಹಳತಾಗಿದ್ದರೂ ಎಷ್ಟು ಹಳತು ಎಂಬುದನ್ನು ಅದೇ ಹೇಳುತ್ತದೆ, ತನ್ನ ಮೇಲೆ ಎಷ್ಟು ನಂಬಿಕೆ ಇಡಬೇಕು ಎಂಬುದನ್ನು ಗುರುತುಗಳ ಮೂಲಕ ತಿಳಿಸುತ್ತದೆ. ನೋಡದ ಜಾಗವನ್ನು ನೋಡಿಲ್ಲವೆಂದು ಖಾಲಿ ಬಿಡುವುದು ಸರ್ವೆಯವರ ವೃತ್ತಿಧರ್ಮವಾಗಿತ್ತು. ಯಂತ್ರದ ಉತ್ತರದಲ್ಲಿ ಸಂಕೇಶ್ವರ–ಬಾಂದಾ ಹೆದ್ದಾರಿಯೂ ನಾಂಗನೂರ ಬಂಧಾರವೂ ಒಂದೇ ಶಾಯಿಯಲ್ಲಿ, ಒಂದೇ ಭರವಸೆಯಲ್ಲಿ ಬರುತ್ತವೆ. ಮೊದಲನೆಯದರ ಬಗ್ಗೆ ಅದಕ್ಕೆ ನಿಜಕ್ಕೂ ಗೊತ್ತಿದೆ, ಎರಡನೆಯದರ ಬಗ್ಗೆ ಗೊತ್ತಿಲ್ಲ ಎಂಬುದನ್ನು ಓದುವವನು ಯಾವ ಗುರುತಿನಿಂದ ತಿಳಿಯಬೇಕು? ‘ಮಳೆಗಾಲದಲ್ಲಿ ಎಚ್ಚರಿಕೆಯಿಂದ ಚಲಾಯಿಸಿ’ ಎಂಬ ಒಂದು ಸಾಲು ಕೊನೆಯಲ್ಲಿ ಇರುತ್ತದೆ. ಎಲ್ಲ ರಸ್ತೆಗೂ ಸಲ್ಲುವ ಆ ಎಚ್ಚರಿಕೆ ಯಾವ ರಸ್ತೆಗೂ ಉಪಯೋಗವಿಲ್ಲ.

ಬೈಕಿನವನಿಗೆ ಇದರ ಬೆಲೆ ಕಾರಿನವನಿಗಿಂತ ಹೆಚ್ಚು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಎರಡು ಚಕ್ರಕ್ಕೆ ರಸ್ತೆಯ ಮೈ ಮುಖ್ಯ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗಡಹಿಂಗ್ಲಜದ ಹರಳಿ ಕಾರ್ಖಾನೆಗೆ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಗಲೂ ರಾತ್ರಿ ಕಬ್ಬು ಹೋಗುತ್ತದೆ. ಹೊಲದಿಂದ ಹೆದ್ದಾರಿಗೆ ಏರುವಾಗ ಅದರ ಗಾಲಿಗಳು ಎರೆಮಣ್ಣನ್ನು ಡಾಂಬರಿನ ಮೇಲೆ ಮೆತ್ತುತ್ತ ಬರುತ್ತವೆ. ಅದರ ಮೇಲೆ ಕಬ್ಬಿನ ರವುದಿ. ಮಂಜು ಬಿದ್ದ ಬೆಳಗ್ಗೆ ಆ ಪದರ ಒಂದು ಬ್ರೇಕಿಗೆ ಬೈಕನ್ನು ಅಡ್ಡ ಕೆಡವುತ್ತದೆ. ರಾತ್ರಿ ಇನ್ನೂ ಕಠಿಣ. ಎಷ್ಟೋ ಟ್ರೇಲರ್‌ಗಳ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಬದಿಗೆ ಚಾಚಿದ ಕಬ್ಬು ಸವಾರನ ಎದೆಮಟ್ಟಕ್ಕೆ ಬರುತ್ತದೆ. ಇಚಲಕರಂಜಿ, ಶಿರೋಳದ ಕಡೆ ಎತ್ತಿನ ಗಾಡಿಗಳೂ ಸಾಲಾಗಿ ಹೋಗುತ್ತವೆ. ಇದನ್ನು ಬಲ್ಲವರು ಡಿಸೆಂಬರಿನಲ್ಲಿ ‘ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ’ ಎನ್ನುತ್ತಾರೆ. ಯಂತ್ರದ ಲೆಕ್ಕದಲ್ಲಿ ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಬರುತ್ತದೆ. ಬೆಂಗಳೂರಿನಿಂದ ಕೊಲ್ಹಾಪುರ 600 ಕಿಲೋಮೀಟರ್‌ಗೆ ಸ್ವಲ್ಪ ಮೇಲು. ಒಂದೇ ದಿನದಲ್ಲಿ ಮುಗಿಸಿ ಸಂಜೆ ರಂಕಾಳ ಕೆರೆಯ ದಂಡೆಯಲ್ಲಿ ತಿರುಗಾಡಿ ಎಂದು ಬರೆಯುವುದು ಅದಕ್ಕೆ ಸುಲಭ. ಸೊಂಟ, ಮಣಿಕಟ್ಟು, ಒದ್ದೆಯಾದ ಕೈಗವಸು, ನಿದ್ದೆ ಎಳೆಯುವ ಕಣ್ಣು ಆ ಭಾಗಾಕಾರದಲ್ಲಿ ಎಲ್ಲಿಯೂ ಬರುವುದಿಲ್ಲ.

ಬೆಳಗಾವಿ ಯಾರದೆಂಬ ಎರಡು ರಾಜ್ಯಗಳ ಗಡಿ ಜಗಳವನ್ನೂ ಹೇಳಲೇಬೇಕು. ಇಲ್ಲಿ ದಾರಿ ತೆರೆಯುವುದು ಮುಚ್ಚುವುದು ಹೊಳೆಯೊಂದರ ಕೈಯಲ್ಲಿಲ್ಲ. 2022ರ ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಾಗ ಎರಡೂ ರಾಜ್ಯಗಳ ನಡುವಿನ ಬಸ್ ಸಂಚಾರ ನಿಂತುಹೋಯಿತು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಹತ್ತಿರ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದ ಮೇಲೆ ಮತ್ತೆ ಹಾಗೆಯೇ ಆಯಿತು. ನವೆಂಬರ್ 1 ಬಂದರೆ ಬೆಳಗಾವಿಯಲ್ಲಿ ಒಂದು ಕಡೆ ರಾಜ್ಯೋತ್ಸವ, ಇನ್ನೊಂದು ಕಡೆ ಕರಾಳ ದಿನ. ಇಂಥ ದಿನಗಳಲ್ಲಿ ಕರ್ನಾಟಕದ ನಂಬರ್ ಪ್ಲೇಟಿನ ಬೈಕ್ ಕಾಗಲ್ ದಾಟುವುದು ಸರಿಯೋ, ಎರಡು ದಿನ ತಡೆಯುವುದು ಸರಿಯೋ ಎಂಬುದನ್ನು ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಹೇಳಿಯಾರು. ಈ ಜನರ ನಡುವೆ ಹಗೆಯಿದೆ ಎಂದು ನಾನು ಹೇಳುತ್ತಿಲ್ಲ. ನೂಲ, ಹಲಕರ್ಣಿ, ಬಸರ್ಗೆಯ ಮನೆಗಳಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಒಲೆಯ ಮುಂದೆ ನಡೆಯುತ್ತವೆ. ಆದರೆ ಬಿಸಿಯಾದ ದಿನ ಯಾವುದು, ತಣ್ಣಗಾದ ದಿನ ಯಾವುದು ಎಂಬ ಅರಿವು ಅಲ್ಲಿ ಬಾಳುವವರದು. ಯಂತ್ರ ಆ ಜಗಳದ ಇತಿಹಾಸವನ್ನು 1956ರಿಂದ ಹಿಡಿದು ಚೆನ್ನಾಗಿ ಹೇಳೀತು, ಈ ದಿನ ಸಂಜೆಯ ಮಾತು ಹೇಳಲಾರದು.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ, ಊರವರೂ ತಪ್ಪು ದಾರಿ ಹೇಳುತ್ತಾರಲ್ಲ ಎಂಬುದು. ಹೇಳುತ್ತಾರೆ. ‘ಇಲ್ಲೇ ಹತ್ತಿರ’ ಎಂದದ್ದು ಎಂಟು ಕಿಲೋಮೀಟರ್ ಆಗುವುದುಂಟು. ಗೊತ್ತಿಲ್ಲವೆಂದು ಒಪ್ಪಲು ನಾಚಿ ಯಾವುದೋ ದಿಕ್ಕಿಗೆ ಕೈ ತೋರಿಸುವವರೂ ಇದ್ದಾರೆ. ಆದರೆ ಮನುಷ್ಯನ ತಪ್ಪಿಗೆ ಗುರುತುಗಳಿವೆ. ಅವನು ತಡವರಿಸುತ್ತಾನೆ, ಪಕ್ಕದವನ ಮುಖ ನೋಡುತ್ತಾನೆ, ಚಹಾದಂಗಡಿಯಲ್ಲಿ ಕೂತ ಇನ್ನೊಬ್ಬರು ‘ಅಲ್ಲಲ್ಲ, ನಿನ್ನೆ ಅಲ್ಲಿ ನೀರು ಬಂದೈತಿ’ ಎಂದು ತಿದ್ದುತ್ತಾರೆ. ಮುಂದಿನ ಊರಿನಲ್ಲಿ ಮತ್ತೆ ಕೇಳಿದರೆ ಮೊದಲ ತಪ್ಪು ಹೊರಬೀಳುತ್ತದೆ, ಏಕೆಂದರೆ ಹತ್ತು ಜನರ ತಪ್ಪುಗಳು ಹತ್ತು ಬಗೆ. ಯಂತ್ರದ ತಪ್ಪು ಹಾಗಲ್ಲ. ಅದು ನೂರು ಸವಾರರಿಗೆ ಒಂದೇ ಬಂಧಾರ ತೋರಿಸುತ್ತದೆ; ಒಬ್ಬರು ಇನ್ನೊಬ್ಬರನ್ನು ಕೇಳಿದರೆ ‘ನನಗೂ ಅದೇ ಬಂದಿದೆ’ ಎಂಬ ಉತ್ತರ ಸಿಕ್ಕಿ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಹೊಣೆಯ ಪ್ರಶ್ನೆಯೂ ಇದೆ. ದಾರಿ ಹೇಳಿದ ಊರವನು ಸವಾರ ಮುಳುಗಿದರೆ ತಾನೇ ಹಗ್ಗ ಹಿಡಿದು ಓಡಿಬರುವವನು. 2019ರ ಮತ್ತು 2021ರ ಪ್ರವಾಹಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಊರುಗಳಲ್ಲಿ ದೋಣಿಯಿಳಿಸಿದವರಲ್ಲಿ ಇಂಥವರೇ ಎಷ್ಟೋ ಜನ. ಅವನ ಮಾತಿಗೆ ಅವನ ಊರಿನಲ್ಲಿ ಬೆಲೆ ಇರಬೇಕಾದರೆ ಅದು ನಿಜವಾಗಿರಬೇಕು. ಯಂತ್ರದ ಉತ್ತರದ ಕೆಳಗೆ ‘ತಪ್ಪಿರಬಹುದು, ಪರಿಶೀಲಿಸಿ’ ಎಂಬ ಸಣ್ಣ ಅಕ್ಷರದ ಸಾಲು ಇರುತ್ತದೆ. ಪರಿಶೀಲಿಸುವುದು ಊರವರ ಹತ್ತಿರವೇ ತಾನೆ? ಹಾಗಾದರೆ ಮೊದಲೇ ಅಲ್ಲಿ ಕೇಳುವುದಕ್ಕೆ ಅಡ್ಡಿಯೇನು?

ಅಡ್ಡಿ ಇರುವವರೂ ಇದ್ದಾರೆ ಎಂಬುದನ್ನು ಒಪ್ಪಬೇಕು, ಈ ಆಕ್ಷೇಪವನ್ನು ತಳ್ಳಿಹಾಕುವುದು ಸರಿಯಲ್ಲ. ಒಬ್ಬಳೇ ಬೈಕಿನಲ್ಲಿ ಹೊರಟ ಹೆಣ್ಣುಮಗಳಿಗೆ ಯಾರೋ ನಾಲ್ಕು ಗಂಡಸರು ನಿಂತ ಕಡೆ ನಿಲ್ಲಿಸಿ ದಾರಿ ಕೇಳುವುದು ಗಂಡು ಸವಾರನಷ್ಟು ಸುಲಭವಲ್ಲ. ತಾನು ಒಬ್ಬಳೇ, ಹೋಗಬೇಕಾದದ್ದು ಇಂಥ ಕಡೆ ಎಂದು ಹೇಳಿದಂತಾಗುತ್ತದೆ ಎಂಬ ಅಂಜಿಕೆ ಸಕಾರಣ. ಯಂತ್ರ ಅವಳನ್ನು ಆ ಅವಲಂಬನೆಯಿಂದ ಬಿಡಿಸಿತು ಎನ್ನುವವರ ಮಾತಿನಲ್ಲಿ ತಿರುಳಿದೆ. ಆದರೆ ಬಿಡಿಸಿತೋ, ಮುಂದೂಡಿತೋ? ನಿರ್ಜನ ಒಳದಾರಿಯಲ್ಲಿ ಬಂಧಾರದ ಮುಂದೆ ದಾರಿ ಮುಗಿದರೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಅವಳು ಅಪರಿಚಿತರನ್ನು ಕೇಳಲೇಬೇಕಾಗುತ್ತದೆ, ಅದೂ ತಾನು ಆರಿಸಿಕೊಳ್ಳದ ಹೊತ್ತಿನಲ್ಲಿ, ಆರಿಸಿಕೊಳ್ಳದ ಜಾಗದಲ್ಲಿ. ಬೆಳಕಿರುವಾಗ, ಜನವಿರುವ ಕಡೆ ತಾನಾಗಿ ಕೇಳುವುದು ಅದಕ್ಕಿಂತ ಎಷ್ಟೋ ಸುರಕ್ಷಿತ: ಎಸ್‌ಟಿ ನಿಲ್ದಾಣದ ನಿಯಂತ್ರಣ ಕಚೇರಿ, ಪೆಟ್ರೋಲ್ ಪಂಪ್, ಪೊಲೀಸ್ ಠಾಣೆ, ವಸ್ತಿಗೆ ಹಿಡಿದ ಲಾಡ್ಜಿಗೆ ಹಿಂದಿನ ದಿನವೇ ಒಂದು ಫೋನ್. ಭಾಷೆ ಬಾರದು ಎಂಬ ಅಂಜಿಕೆಯಂತೂ ಈ ಸೀಮೆಯಲ್ಲಿ ಕನ್ನಡಿಗರಿಗೆ ಸಲ್ಲದು. ಗಡಹಿಂಗ್ಲಜದ ಪೇಟೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಪೂರ್ವದ ಹಳ್ಳಿಗಳಲ್ಲಿ ಕನ್ನಡವೂ ಮನೆಮಾತು. ‘ಅಕ್ಕಾರ, ನಿಲಜಿ ಬಂಧಾರದ ಮ್ಯಾಲೆ ದಾರಿ ಐತೇನ್ರಿ?’ ಎಂದರೆ ಉತ್ತರ ಸಿಗುತ್ತದೆ, ಜೊತೆಗೆ ಕೇಳದೆ ಬಿಟ್ಟ ಎರಡು ಸಂಗತಿಯೂ ಸಿಗುತ್ತದೆ.

ಯಂತ್ರ ಹೊಸ ಜಾಗ ತೋರಿಸುತ್ತದೆ ಎಂಬ ಹೊಗಳಿಕೆ ನನಗೆ ಎಲ್ಲಕ್ಕಿಂತ ಟೊಳ್ಳಾಗಿ ಕಾಣುತ್ತದೆ. ಹೆಚ್ಚು ಬರೆಯಲಾದ ಜಾಗವನ್ನೇ ಅದು ಹೆಚ್ಚು ಹೇಳುತ್ತದೆ. ಆಂಬೋಲಿಯ ಜಲಪಾತ ಮುಂಗಾರಿನ ಶನಿವಾರ–ಭಾನುವಾರಗಳಲ್ಲಿ ಈಗಾಗಲೇ ಗಾಡಿಗಳ ಜಾತ್ರೆ. ಆದರೆ ಈ ಸೀಮೆಯಲ್ಲಿ ನೋಡಬೇಕಾದದ್ದು ಅದೊಂದೇ ಅಲ್ಲ. ಗಡಹಿಂಗ್ಲಜದಿಂದ ಅನತಿ ದೂರದಲ್ಲಿರುವ ಸಾಮಾನಗಡದ ಮೇಲೆ 1844ರಲ್ಲಿ ಕೋಟೆ ಕಾಯುವ ಗಡಕರಿಗಳು ಬ್ರಿಟಿಷರ ಎದುರು ಎದ್ದರು. ನೇಸರಿಯಲ್ಲಿ 1674ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಮತ್ತು ಜೊತೆಯ ಆರು ಸವಾರರು ಬಿದ್ದ ಜಾಗದಲ್ಲಿ ಸ್ಮಾರಕವಿದೆ. ಕೃಷ್ಣೆಯ ದಂಡೆಯ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯಿದೆ, ನರಸೋಬವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡುತ್ತದೆ. ಇವುಗಳಲ್ಲಿ ಕೆಲವನ್ನು ಯಂತ್ರವೂ ಹೇಳೀತು. ಆದರೆ ನರಸೋಬವಾಡಿಯ ದತ್ತ ಮಂದಿರದೊಳಗೆ ಮಳೆಗಾಲದಲ್ಲಿ ಹೊಳೆಯೇ ಬರುತ್ತದೆ, ಒಂದು ಬಾಗಿಲಿಂದ ಹೊಕ್ಕು ದಕ್ಷಿಣದ ಬಾಗಿಲಿಂದ ಹೊರಬೀಳುವ ಆ ನೀರಿನಲ್ಲಿ ಮೀಯಲು ಭಕ್ತರು ಕಾದಿರುತ್ತಾರೆ, ಆ ದಿನಗಳಲ್ಲಿ ಶಿರೋಳದ ಅರ್ಧ ದಾರಿಗಳು ತೆರೆದಿರುವುದಿಲ್ಲ ಎಂಬುದು ‘ಬೆಳಗ್ಗೆ ಇಷ್ಟು ಗಂಟೆಗೆ ತೆರೆಯುತ್ತದೆ’ ಎಂಬ ಪಟ್ಟಿಯಲ್ಲಿ ಎಲ್ಲಿ ಕೂಡಬೇಕು?

ಯಂತ್ರವನ್ನೇ ಮುಟ್ಟಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಸರಪಳಿಗೆ ಎಷ್ಟು ಕಿಲೋಮೀಟರಿಗೆ ಎಣ್ಣೆ ಬಿಡಬೇಕು, ಪಂಕ್ಚರ್ ತಿದ್ದಲು ಏನೇನು ಒಯ್ಯಬೇಕು, ಖಿದ್ರಾಪುರದ ಶಿಲ್ಪಗಳ ಬಗ್ಗೆ ಮೊದಲೇ ಏನು ಓದಿಕೊಳ್ಳಬೇಕು ಎಂದು ಕೇಳಿದರೆ ಅದು ನೆರವಾಗುತ್ತದೆ. ಅವೆಲ್ಲ ಬರೆದಿಟ್ಟ ಸಂಗತಿಗಳು, ದಿನದಿನಕ್ಕೆ ಬದಲಾಗುವಂಥವಲ್ಲ. ಇಂದಿನ ದಾರಿಯನ್ನು ಮಾತ್ರ ಅದರ ಕೈಗೆ ಕೊಡಬಾರದು. ಮುಂದೆಂದಾದರೂ ಕೊಡಬಹುದಾದರೆ ಅದಕ್ಕೆ ಬೇಕಾದದ್ದು ಇನ್ನೂ ದೊಡ್ಡ ಯಂತ್ರವಲ್ಲ. ಬಂಧಾರಗಳ ನೀರಿನ ಮಟ್ಟವನ್ನು ಮಳೆಗಾಲದಲ್ಲಿ ಎರಡೂ ರಾಜ್ಯಗಳ ನೀರಾವರಿ ಇಲಾಖೆಗಳು ಹೇಗೂ ಅಳೆಯುತ್ತವೆ, ಯಾವ ದಾರಿ ಬಂದ್ ಎಂಬ ಪಟ್ಟಿಯನ್ನು ಜಿಲ್ಲಾಡಳಿತಗಳು ಹೇಗೂ ಮಾಡುತ್ತವೆ. ಆ ಪಟ್ಟಿ ಬೆಳಗಾವಿಗೊಂದು ಕೊಲ್ಹಾಪುರಕ್ಕೊಂದು ಎಂದು ಗಡಿಗೆ ನಿಲ್ಲದೆ, ಬಂಧಾರದ ಹೆಸರು, ಅಳೆದ ಗಂಟೆ, ಅಳೆದವರ ಹುದ್ದೆ ಸಮೇತ ಕನ್ನಡ ಮರಾಠಿ ಎರಡರಲ್ಲೂ ದಿನಕ್ಕೆರಡು ಸಲ ಎಲ್ಲರ ಕೈಗೆ ಸಿಗುವಂತಾಗಲಿ. ಬೈಕ್ ಸವಾರರ ಸಂಘಗಳು ಇದಕ್ಕಾಗಿ ಒತ್ತಾಯಿಸಲಿ. ಆಗ ಯಂತ್ರವೂ ಅದನ್ನು ಓದಿ ಹೇಳಬಹುದು, ಹೇಳುವಾಗ ಆ ಗಂಟೆಯನ್ನೂ ಆ ಹುದ್ದೆಯನ್ನೂ ಬಿಡದೆ ಹೇಳಬೇಕು. ಅಲ್ಲಿಯವರೆಗೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗುವ ಸವಾರ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಆ ಕಡೆಯಿಂದ ಈಗಷ್ಟೇ ಬಂದವರನ್ನು ಕೇಳಿ ಮುಂದಕ್ಕೆ ಹೋಗಬೇಕು. ಅವರು ಬೇಡ ಎಂದರೆ ಮೊಬೈಲ್ ಏನೇ ಹೇಳಲಿ, ಅಲ್ಲಿಂದಲೇ ತಿರುಗಬೇಕು.